ತುಂಬಿದ ಎದೆ

ಮೂರ್ತಿಯ ಮುಖವನ್ನು ನಾನು ಕೊನೆಗೆ ಮಾಡುತ್ತೇನೆ. ಉರಿಗಾಂನ ನಮ್ಮ ಮನೆಗೆ ಬಂದವರಿಗೆ ಇದು ಹಿಡಿಸುವುದಿಲ್ಲ. "ಇದ್ಯಾರಮ್ಮ, ಶಶಿರೇಖಾ?" ಎಂದು ಕೇಳುತ್ತಾರೆ, ಕಣ್ಣು ಮೂಗು ಇಲ್ಲದಿದ್ದರೆ ಮನುಷ್ಯನೇ ಅಲ್ಲ ಅನ್ನುವ ಹಾಗೆ. ಕಣ್ಣು ಮೂಗು ಯಾರು ಬೇಕಾದರೂ ಹಚ್ಚಿಯಾರು. ನನಗೆ ಬೇಕಾದದ್ದು ಉಸಿರು. ಗಾಳಿ ಒಳಗೆಳೆದುಕೊಂಡಾಗ ಪಕ್ಕೆಲುಬು ಅಗಲವಾಗಿ ಭುಜ ಮೇಲೇಳುತ್ತದಲ್ಲ, ಅದು ಕೈಗೆ ಸಿಕ್ಕಿದರೆ ಮೂರ್ತಿ, ಇಲ್ಲದಿದ್ದರೆ ಬೊಂಬೆ. ಅದಕ್ಕೇ ಫೋಟೋ ನೋಡಿ ಮಾಡುವುದಿಲ್ಲ, ನೆನಪಿನಿಂದಲೂ ಮಾಡುವುದಿಲ್ಲ. ಎದುರಿಗೆ ಜೀವ ಕೂತಿರಬೇಕು.

ಈ ಸಲ ಕೂತವನು ನನ್ನ ಅಣ್ಣ ಕದಿರಪ್ಪ. ಕೋರಮಂಡಲ್ ಚಿನ್ನದ ಗಣಿ ಮುಚ್ಚುವವರೆಗೂ ಒಳಗೆ ಬಂಡೆ ಕೊರೆದವನು. ಆ ಕಲ್ಲುಧೂಳು ಇನ್ನೂ ಅವನ ಎದೆಯಲ್ಲಿದೆ. ಬಂಗಾರಪೇಟೆಯ ಡಾಕ್ಟರು ಎಕ್ಸ್‌ರೇ ನೋಡಿ, ಅತ್ತಿಗೆ ದ್ಯಾವಮ್ಮನನ್ನು ಹೊರಗೆ ಕರೆದು ಮಾತಾಡಿದರು. ಅಂದಿನಿಂದ ನನ್ನ ತಲೆ ಸರಿಯಿಲ್ಲ. ಅಣ್ಣ ಹೋಗುವ ಮೊದಲು ಅವನ ಉಸಿರನ್ನು ಮಣ್ಣಿನಲ್ಲಿ ಹಿಡಿಯಲೇಬೇಕು ಎಂಬ ಒಂದೇ ಹಟ. ಬೇತಮಂಗಲದ ಕೆರೆಮಣ್ಣು ತರಿಸಿ, ತುಳಿದು ಹದ ಮಾಡಿ ಶುರುಮಾಡಿದೆ.

"ಉಸ್ರು ಎಳ್ಕೊ ಅಣ್ಣಾ. ಇನ್ನೊಂಚೂರು. ಅಂಗೇ ಇಡ್ಕೊ."

ಪಾಪ, ಎಳೆದುಕೊಳ್ಳುತ್ತಿದ್ದ. ಅರ್ಧಕ್ಕೇ ಕೆಮ್ಮು ಬಂದು ತುಟಿ ನೀಲಿಯಾಗುತ್ತಿತ್ತು.

"ಇಡ್ಕೊಳ್ಳಣ್ಣಾ, ಒಂದೇ ಒಂದ್ಸಲ!" ಎಂದು ಕಿರುಚುತ್ತಿದ್ದೆ. ಸಾಯುತ್ತಿರುವವನ ಮೇಲೆ ಕಿರುಚುತ್ತಿದ್ದೆ. ಅವನು ಕೆಮ್ಮಿ ಸುಸ್ತಾಗಿ ಕಣ್ಣು ಮುಚ್ಚಿದಾಗ ನಾನು ಮಣ್ಣಿನ ಕಡೆ ತಿರುಗಿ, ಕಾಣದೇ ಹೋದದ್ದನ್ನೆಲ್ಲ ತುಂಬುತ್ತಾ ಹೋದೆ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಓಡುತ್ತಿದ್ದನಲ್ಲ, ಆ ಎದೆಯನ್ನು.

ನಿನ್ನೆ ಮೂರ್ತಿಗೆ ಹೊದಿಸಿದ್ದ ಒದ್ದೆ ಗೋಣಿ ಸರಿಸಿದಾಗ ನನಗೇ ಮೈ ಜುಮ್ಮೆಂದಿತು. ಎದೆ ಉಬ್ಬಿ, ಇನ್ನೇನು ಮಾತಾಡುತ್ತದೆ ಅನ್ನುವಂತಿತ್ತು. ಅಣ್ಣನಿಗೆ ಗಂಜಿ ತಂದ ಅತ್ತಿಗೆ ಲೋಟ ಹಿಡಿದುಕೊಂಡೇ ನಿಂತು ನೋಡಿದಳು.

"ಇವ್ರು ನಮ್ಮನೆಯೋರಲ್ಲ ಕಣಮ್ಮಾ," ಅಂದಳು.

"ಮುಖ ಇನ್ನೂ ಮಾಡಿಲ್ಲ ಅತ್ತಿಗೆ."

"ಮುಖ ಯಾಕಮ್ಮಾ? ಇದು ಉಸ್ರಾಡ್ತಾ ಐತೆ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಪಕ್ಕದಲ್ಲೇ ಅಣ್ಣನ ಎದೆ ಸಿಳ್ಳೆ ಹಾಕುತ್ತಾ, ಒಂದಿಷ್ಟೂ ಮೇಲೇಳದೆ ಒದ್ದಾಡುತ್ತಿತ್ತು. ಇಷ್ಟು ದಿನ ಅವನನ್ನು ಎದುರಿಗೆ ಕೂರಿಸಿಕೊಂಡು ನಾನು ಅವನನ್ನು ನೋಡಿಯೇ ಇರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಮುಷ್ಟಿ ಕಟ್ಟಿ ಮಣ್ಣಿನ ಮೇಲೆ ಎರಗಿದೆ.

ಅಣ್ಣ ಗೋಡೆ ಹಿಡಿದು ಎದ್ದ.

"ಬ್ಯಾಡ ಕಣಮ್ಮಾ... ಬಿಡು... ಅದಾದ್ರೂ... ಉಸ್ರಾಡ್ಲಿ."

ಅಷ್ಟು ಹೇಳಿ ಮುಗಿಸಲು ಅವನಿಗೆ ಹೊತ್ತು ಹಿಡಿಯಿತು. ಅಷ್ಟರಲ್ಲಿ ನನ್ನ ಕೈ ಮಣಿಕಟ್ಟಿನವರೆಗೂ ಆ ಎದೆಯೊಳಗೆ ಇಳಿದಿತ್ತು.