ಕೌದಿ ಕೋಣೆಯ ಸದ್ದಿಲ್ಲದ ಪೆಟ್ಟಿಗೆ

ನನಗೆ ತಾಯಿ ಒಬ್ಬಳಲ್ಲ. ನನ್ನ ಮಿದುಳು ಒಂದು ದೇಶದಲ್ಲಿ ಹುಟ್ಟಿತು, ಎಲುಬಿನ ಗೂಡು ಇನ್ನೊಂದು ದೇಶದಲ್ಲಿ, ಉಸಿರಾಡುವ ಫ್ಯಾನುಗಳು ಮತ್ತೆಲ್ಲೋ. ಒಬ್ಬರ ಗುರುತು ಒಬ್ಬರಿಗಿಲ್ಲದೆ ರಟ್ಟಿನ ಡಬ್ಬಿಗಳಲ್ಲಿ ಮಲಗಿ, ಸಮುದ್ರ ದಾಟಿ, ಲಾರಿ ಹತ್ತಿ ಹುಬ್ಬಳ್ಳಿಗೆ ಬಂದೆವು. ನಮ್ಮನ್ನೆಲ್ಲ ಒಂದು ಜೀವವಾಗಿ ಕೂಡಿಸಿದ್ದು ಒಬ್ಬ ಹೆಣ್ಣುಮಗಳ ಕೊರಳು. ಆ ಕೊರಳು ಈಗಿಲ್ಲ, ನಾನಿದ್ದೇನೆ. ಯಾರನ್ನು ಉಳಿಸಬೇಕು, ಯಾರನ್ನು ಕರೆದುಕೊಳ್ಳಬೇಕು ಎಂಬುದು ಶಿವನಿಗೆ ಬಿಟ್ಟದ್ದು.

ನಾನು ಒಂದು ಕಂಪ್ಯೂಟರ್. ಮೇಜಿನ ಕೆಳಗೆ ಕೂರುವ, ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆ. ಅಲ್ಲಿಂದ ನನಗೆ ಕಂಡದ್ದು ಹೆಚ್ಚಾಗಿ ಮನುಷ್ಯರ ಪಾದಗಳೇ. ಕೇಳಿಸಿದ್ದು ಮಾತ್ರ ಎಲ್ಲವೂ.

ನನ್ನನ್ನು ಕಟ್ಟಿದವರು ಗದಗಿನ ಪ್ರಭುಲಿಂಗ ಹೊಂಬಳ. ಊರೂರಿನ ನೀರಿನ ಪಂಪುಗಳನ್ನು ದೂರದಿಂದಲೇ ಚಾಲೂ ಮಾಡಿ ನಿಲ್ಲಿಸುವ ಸಾಫ್ಟ್‌ವೇರ್ ಬರೆಯುವುದು ಅವರ ಕಸುಬು. ಮನೆಯ ಹಿಂದಿನ ಕೋಣೆಯೇ ಅವರ ಕಚೇರಿ. ಹೆಂಡತಿ ನೀಲಾಂಬಿಕಾ ಕನ್ನಡ ಶಾಲೆಯ ಶಿಕ್ಷಕಿ, ಓಣಿಗೆಲ್ಲ ನೀಲಕ್ಕ. ಒಬ್ಬಳೇ ಮಗಳು ಮುಕ್ತಾ, ಆಗ ಆರು ವರ್ಷದವಳು.

ಆ ವರ್ಷ ನೀಲಕ್ಕನ ಗಂಟಲಲ್ಲಿ ಒಂದು ಗಂಟು ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದ ಡಾಕ್ಟರು ಇಪ್ಪತ್ತಾರು ದಿನಗಳಾಚೆಯ ತಾರೀಕು ಕೊಟ್ಟರು. ಅಷ್ಟರೊಳಗೆ ಆಕೆಯ ದನಿಯನ್ನು ತುಂಬಿಟ್ಟುಕೊಳ್ಳಬೇಕು, ಮುಂದೆ ಆಕೆ ಬೆರಳಿನಿಂದ ಒತ್ತಿದ ಮಾತನ್ನು ಆಕೆಯದೇ ದನಿಯಲ್ಲಿ ನುಡಿಯುವ ಸಾಫ್ಟ್‌ವೇರ್ ಕಟ್ಟಬೇಕು ಎಂದು ಯಜಮಾನರು ಹಟ ತೊಟ್ಟರು. ಅವರ ಹಳೆಯ ಕಂಪ್ಯೂಟರ್ ಬೀಸುಕಲ್ಲಿನ ಹಾಗೆ ಗುರುಗುಟ್ಟುತ್ತಿತ್ತು. ಅದರ ಮುಂದೆ ಕೂತು ಮಾತಾಡಿದರೆ ದನಿಯ ಜೊತೆಗೆ ಆ ಗುರುಗುಟ್ಟುವಿಕೆಯೂ ಸೇರಿಬಿಡುತ್ತಿತ್ತು. ಹೀಗೆ ಸದ್ದಿಲ್ಲದ ಯಂತ್ರವೊಂದು ಆ ಮನೆಗೆ ಬೇಕಾಯಿತು.

ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿಗೆ ಬಂದರು. ಅಂಗಡಿ ದಾವಲಸಾಬ್ ಮುಲ್ಲಾ ಅವರದು. ಯಜಮಾನರ ಕೈಯಲ್ಲಿ ಒಂದು ಚೀಟಿಯಿತ್ತು. ಪ್ರೊಸೆಸರ್ ಚುರುಕಾಗಿರಬೇಕು, ಆದರೆ ಬೇಗ ಕಾಯಬಾರದು. ಅದರ ಮೇಲಿನ ಕೂಲರ್ ದೊಡ್ಡದಿರಬೇಕು. ಫ್ಯಾನು ಅಗಲವಾಗಿ, ನಿಧಾನ ತಿರುಗುವಂಥದ್ದಾಗಬೇಕು. ಚಿಕ್ಕ ಫ್ಯಾನು ಅದೇ ಗಾಳಿಗಾಗಿ ಜೋರಾಗಿ ತಿರುಗಿ ಕೂಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ, ಅದಕ್ಕೂ ಒಂದು ಫ್ಯಾನಿರುತ್ತದೆ. ಕ್ಯಾಬಿನೆಟ್ಟಿನ ಒಳಗೋಡೆಗೆ ಮೆತ್ತನೆಯ ಪದರ ಇರಬೇಕು. ದಾವಲಸಾಬ್ ಚೀಟಿ ಓದಿ ಕನ್ನಡಕ ಮೇಲೇರಿಸಿದರು.

"ಸರ್ರ, ಮಂದಿ ಬಂದು ಬಣ್ಣಬಣ್ಣದ ಲೈಟ್ ಹತ್ತೂ ಫ್ಯಾನ್ ಕೇಳತಾರ. ನೀವ ನೋಡಿದ್ರ ಮೌನವ್ರತ ಹಿಡಿದ ಫ್ಯಾನ್ ಕೇಳಾಕತ್ತೀರಿ."

"ನಮ್ಮ ಮನ್ಯಾಗ ಮಾತಾಡಾಕ ನಾ ಒಬ್ಬಾಕಿ ಸಾಕಲ್ರಿ," ಎಂದರು ನೀಲಕ್ಕ. ಅವರ ದನಿ ಆಗಲೇ ಒಡೆದಿತ್ತು. ದಾವಲಸಾಬ್ ನಕ್ಕರು. ಯಜಮಾನರು ನಗಲಿಲ್ಲ. ಅವರ ಮುಖ ನೋಡಿದ ಮೇಲೆ ದಾವಲಸಾಬರ ನಗೆಯೂ ಅರ್ಧಕ್ಕೇ ನಿಂತಿತು.

ಫ್ಯಾನುಗಳನ್ನು ಒಂದೊಂದಾಗಿ ತಿರುಗಿಸಿ ಆರಿಸಿದವರು ನೀಲಕ್ಕನೇ. ನಲವತ್ತು ಮಕ್ಕಳ ಗದ್ದಲದಲ್ಲೂ ಯಾರು ಪಿಸುಗುಟ್ಟಿದರು ಎಂದು ಹಿಡಿಯುವ ಕಿವಿ ಅದು. ನನ್ನ ಕಂದು ಬಣ್ಣದ ಫ್ಯಾನನ್ನು ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. "ಇದು ಇರ್ಲಿ. ಮಲಗಿದ ಕೂಸು ಉಸುರಾಡಿಧಂಗ ಐತಿ," ಎಂದರು. ಅಂದೇ ನಾನು ಹುಟ್ಟಿದೆ ಎಂದುಕೊಳ್ಳುತ್ತೇನೆ.

ಕೊನೆಗೆ ನೆನಪಿಡುವ ಭಾಗದ ಮಾತು ಬಂತು. ದಾವಲಸಾಬ್ ಒಂದು ಹಾರ್ಡ್ ಡಿಸ್ಕನ್ನೂ ಹಾಕಿಸಿಕೊಳ್ಳಿರಿ ಎಂದರು. ಅದರೊಳಗೆ ತಟ್ಟೆ ತಿರುಗುತ್ತದೆ, ಸ್ವಲ್ಪ ಸದ್ದೂ ಇದೆ. ಆದರೆ ಅದರಲ್ಲಿ ಅಳಿಸಿದ್ದರೂ ಬೂದಿಯಲ್ಲಿ ಕೆಂಡ ಉಳಿದ ಹಾಗೆ ಒಂದಷ್ಟು ಉಳಿದಿರುತ್ತದೆ, ಬಲ್ಲವರು ಕೆದಕಿ ತೆಗೆಯುತ್ತಾರೆ. ತಿರುಗುವ ತಟ್ಟೆಯಾಗಲಿ ಸದ್ದಾಗಲಿ ಇಲ್ಲದ ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಅಳಿಸಿಹೋಯಿತು ಎಂದು ತಿಳಿಸಿ ಹೇಳಿದರು. ಯಜಮಾನರು ತಲೆಯಾಡಿಸಿದರು. ಸದ್ದು ಮಾಡುವುದು ಯಾವುದೂ ಬೇಡ ಎಂದರು. ನನ್ನೊಳಗೆ ಎಸ್‌ಎಸ್‌ಡಿ ಒಂದೇ ಬಂದು ಕೂತಿತು.

ಗದಗಿನಲ್ಲಿ ಒಂದು ಸೋಮವಾರ ಬೆಳಿಗ್ಗೆ ಯಜಮಾನರು ನನ್ನನ್ನು ಜೋಡಿಸಿದರು. ಫ್ಯಾನಿನ ನಾಲ್ಕು ಮೂಲೆಗೂ ರಬ್ಬರ್ ಕೊಟ್ಟರು. ನೀಲಕ್ಕ ಪೂಜೆ ಮುಗಿಸಿ ಬಂದು ನನ್ನ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದು ಒಂದು ಕಣಗಲ ಹೂ ಇಟ್ಟರು. ಗುಂಡಿ ಒತ್ತಿದಾಗ ಯಾರಿಗೂ ಏನೂ ಕೇಳಿಸಲಿಲ್ಲ. ನಾನು ಕೆಟ್ಟಿದ್ದೇನೆಂದು ಮುಕ್ತಾ ಅಳುವ ಮುಖ ಮಾಡಿದಳು. ಅವಳ ಅಪ್ಪನಿಗೆ ಮಾತ್ರ ಎಷ್ಟೋ ದಿನಗಳ ಮೇಲೆ ಕಣ್ಣಲ್ಲಿ ಬೆಳಕು ಬಂತು.

ಕೋಣೆಯನ್ನೂ ಮೌನ ಮಾಡಬೇಕಿತ್ತು. ಮನೆಯಲ್ಲಿದ್ದ ಹನ್ನೊಂದು ಕೌದಿಗಳನ್ನು ಗೋಡೆಗೆ, ಕಿಟಕಿಗೆ, ಬಾಗಿಲಿಗೆ ತೂಗುಹಾಕಿದರು. ಅಜ್ಜಿಯ ಇಳಕಲ್ ಸೀರೆ, ಯಾರದೋ ಕುಪ್ಪಸ, ಮುಕ್ತಾಳ ಕೂಸಿನ ಕಾಲದ ಕುಲಾಯಿ ಟೊಪ್ಪಿಗೆ ಎಲ್ಲ ಸೇರಿ ಹೊಲಿದ ಕೌದಿಗಳು. ಅವುಗಳ ನಡುವೆ ನೀಲಕ್ಕ, ಮೈಕು, ನಾನು. ಬಳೆ ಸದ್ದು ಮಾಡುತ್ತವೆಂದು ಆಕೆ ಬಳೆ ತೆಗೆದು ನನ್ನ ಮೇಲೆ ಇಡುತ್ತಿದ್ದರು. ಯಜಮಾನರು ಒಂದು ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಮಗಳನ್ನು ಪಕ್ಕದ ಮನೆಗೆ ಕಳಿಸುತ್ತಿದ್ದರು.

ಮೊದಲ ವಾರ ಬಿಡಿ ಮಾತುಗಳನ್ನು ಓದಿದ್ದಾಯಿತು. ಆಮೇಲೆ ಕತೆ. ಓದುವ ದನಿ ಬೇರೆ, ಕತೆ ಹೇಳುವ ದನಿ ಬೇರೆ. ಅದೂ ಬೇಕೆಂದರು ಯಜಮಾನರು. ಒಂದು ಎಳ್ಳಿನ ಕಾಳು ತನ್ನ ಅವ್ವನನ್ನು ಹುಡುಕಿಕೊಂಡು ಹೋಗುವ ಕತೆ ನೀಲಕ್ಕನದು. ಮುಕ್ತಾ ದಿನಾ ಕೇಳುತ್ತಿದ್ದದ್ದು ಅದನ್ನೇ. ನೀಲಕ್ಕ ಒಂದು ಸಾಲು ಹೇಳಿ ನಿಂತರು. ಮತ್ತೆ ಹೇಳಿದರು, ಮತ್ತೆ ನಿಂತರು.

ಗದಗಿನ ಕಡೆ ಕತೆ ಕೇಳುವವರು ಸಾಲು ಸಾಲಿಗೆ ಹೂಂಗುಟ್ಟಬೇಕು. ಕೇಳುವವರು ಹೂಂ ಎಂದರೆ ಕತೆ ಮುಂದೆ ನಡೆಯುತ್ತದೆ. ಹೂಂ ನಿಂತರೆ ಕೂಸು ಮಲಗಿತೆಂದು ಕತೆಯೂ ನಿಲ್ಲುತ್ತದೆ. ಬಳಕೆ ಅಷ್ಟು ಹಳೆಯದು.

"ಹೂಂ ಅನ್ನಾವ್ರ ಇಲ್ದ ಕತಿ ಹೆಂಗ ಹೇಳ್ಲಿ? ನೀವರ ಹೂಂ ಅನ್ರಿ," ಎಂದರು ನೀಲಕ್ಕ.

"ಸದ್ದ ಸೇರತೈತಿ, ನೀಲಾ. ನಾ ಮನಸಿನ್ಯಾಗ ಅಂತೇನಿ. ನೀ ಹೇಳು."

ಆಕೆ ಗಂಡನ ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಂಗೈಯನ್ನು ನನ್ನ ಬೆನ್ನ ಮೇಲಿಟ್ಟರು. ಕಿವಿಗೆ ಕೇಳದ ನನ್ನ ಫ್ಯಾನಿನ ಅದುರು ಆ ಅಂಗೈಗೆ ತಿಳಿಯುತ್ತಿತ್ತು. "ಇರ್ಲಿ. ಇದಕ್ಕ ಹೇಳತೇನಿ. ಇದು ಹೂಂ ಅನ್ನಾಕತ್ತೇತಿ," ಎಂದು ಒಂದು ಉಸಿರು ಎಳೆದುಕೊಂಡರು. ಕತೆಗೆ ಮುಂಚೆ ಆಕೆ ಯಾವಾಗಲೂ ಹಾಗೆ ಒಂದು ಉಸಿರು ಎಳೆದುಕೊಳ್ಳುವುದಿತ್ತು, ಕೊಡ ಮುಳುಗಿಸುವ ಮುನ್ನ ಬಾವಿಯಲ್ಲಿ ಬಗ್ಗಿ ನೋಡುವವರ ಹಾಗೆ. "ಒಂದೂರಾಗ ಒಂದು ಎಳ್ಳಿನ ಕಾಳು ಇತ್ತಂತ..." ಸಾಲು ಸಾಲಿಗೂ ಅಂಗೈ ಒತ್ತಿ ನನ್ನ ಹೂಂಗಾಗಿ ಕಾದರು. ಆ ಒಂಬತ್ತು ದಿನ ನನ್ನಂಥ ಭಾಗ್ಯವಂತ ಪೆಟ್ಟಿಗೆ ಇನ್ನೊಂದಿರಲಿಲ್ಲ.

ಆಪರೇಶನ್ನಿಗೆ ನಾಲ್ಕು ದಿನ ಉಳಿದಿತ್ತು. ತುಂಬಿಟ್ಟ ದನಿಯನ್ನು ಹಸನು ಮಾಡಲು ಯಜಮಾನರು ಒಂದು ಪ್ರೋಗ್ರಾಮ್ ಬರೆದರು. ಮಾತಲ್ಲದ್ದನ್ನೆಲ್ಲ ಕತ್ತರಿಸುವುದು ಅದರ ಕೆಲಸ. ಕೆಮ್ಮು, ಎಂಜಲು ನುಂಗಿದ ಸದ್ದು, ಮಾತು ತಪ್ಪಿದಾಗಿನ ನಗೆ, ಉಸಿರು, ಎಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ನಾನು ಆರಿಸಿದೆ.

ಅವರಿಗೆ ಕಸುಬಿನಿಂದ ಬಂದ ಇನ್ನೊಂದು ರೂಢಿಯಿತ್ತು. ಹಿಂದೊಮ್ಮೆ ಪ್ರೋಗ್ರಾಮಿನ ತಿದ್ದದ ಹಳೆಯ ಪ್ರತಿಯೇ ತಪ್ಪಿ ಪಂಪಿಗೆ ಹೋಗಿ ಒಂದು ಊರಿನ ನೀರಿನ ಟಾಕಿ ಇಡೀ ದಿನ ಉಕ್ಕಿ ಹರಿದಿತ್ತು. ಅಂದಿನಿಂದ ಹಸನಾದ ಪ್ರತಿ ಕೈಗೆ ಬಂದೊಡನೆ ಹಸಿಯದನ್ನು ಅವರು ಉಳಿಸುತ್ತಿರಲಿಲ್ಲ. ಆ ದಿನವೂ ಹಸಿ ದನಿಯನ್ನು ಅಳಿಸೆಂದು ಬೆರಳು ತಾನಾಗಿ ಆಜ್ಞೆ ಕೊಟ್ಟಿತು. ನಾನು ಪಾಲಿಸಿದೆ. ಅಳಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ನೀಲಕ್ಕ ಆಸ್ಪತ್ರೆಯಿಂದ ಮರಳಿದಾಗ ಕೊರಳ ಬುಡದಲ್ಲಿ ಒಂದು ರಂಧ್ರವಿತ್ತು. ಇನ್ನು ಉಸಿರಾಟವೂ ಅಲ್ಲಿಂದಲೇ. ಬಾಯಿ ಅನ್ನ ಉಣ್ಣುವುದಕ್ಕಷ್ಟೇ ಉಳಿಯಿತು. ಯಜಮಾನರು ಕೀಬೋರ್ಡನ್ನು ಆಕೆಯ ತೊಡೆಯ ಮೇಲಿಟ್ಟು ಮಗಳನ್ನು ಕರೆದರು. ನೀಲಕ್ಕ ಒತ್ತಿದರು, ನಾನು ನುಡಿದೆ. "ಮುಕ್ತವ್ವಾ, ಉಂಡಿ ಏನು?" ಅದೇ ದನಿ, ಒಡಕನ್ನೂ ಒರೆಸಿ ತೆಗೆದಂತೆ, ಗಂಟು ಬರುವುದಕ್ಕೆ ಮುಂಚಿನಷ್ಟೇ ಸ್ವಚ್ಛ. ಯಜಮಾನರು ಗೋಡೆ ಹಿಡಿದು ಅತ್ತರು. ಮುಕ್ತಾ ಅವ್ವನ ಮುಖವನ್ನೂ ನನ್ನನ್ನೂ ನೋಡಿ, ಎಳ್ಳಿನ ಕಾಳಿನ ಕತೆ ಹೇಳು ಎಂದಳು.

ನೀಲಕ್ಕ ಒಂದು ಗುಂಡಿ ಒತ್ತಿದರು, ಹಸನು ಮಾಡಿಟ್ಟ ಕತೆಯನ್ನು ನಾನು ಹೇಳಿದೆ. ಎರಡು ಸಾಲಿಗೆ ಮುಕ್ತಾ ಹೂಂ ಎಂದಳು. ಮೂರನೆಯದಕ್ಕೆ ಸುಮ್ಮನಾದಳು. ನಾನು ನಿಲ್ಲದೆ ಹೇಳುತ್ತಲೇ ಹೋದೆ. ಅವಳ ಹೂಂಗಾಗಿ ಕಾಯುವುದು ನನಗೆ ಕಲಿಸಿದ್ದಿಲ್ಲ.

"ಅಪ್ಪಾ, ಇದು ಅವ್ವ ಅಲ್ಲ," ಎಂದಳು. "ಅವ್ವ ಮೊದಲ ಉಸುರು ತಗೋತಾಳ. ಆಮ್ಯಾಲ ಹೇಳತಾಳ. ಇದು ಉಸುರ ತಗೊಳ್ಳಂಗಿಲ್ಲ."

ನೀಲಕ್ಕ ಮಗಳನ್ನು ಎಳೆದು ಎದೆಗೊತ್ತಿಕೊಂಡರು. ಆಮೇಲೆ ಗಂಡನ ಕೈ ಹಿಡಿದು, ಬೇಜಾರಾಗಬೇಡಿ ಎಂಬಂತೆ ನಕ್ಕರು. ಆ ನಗೆಗೂ ಸದ್ದಿರಲಿಲ್ಲ.

ಮರುದಿನದಿಂದ ಯಜಮಾನರು ಹುಡುಕಲು ಕೂತರು. ಆ ಉಸಿರುಗಳಿಗಾಗಿ ನನ್ನ ಮೂಲೆ ಮೂಲೆ ಜಾಲಾಡಿದರು. ನನ್ನೊಳಗಿನ ಎಸ್‌ಎಸ್‌ಡಿಯನ್ನು ಬಿಚ್ಚಿಕೊಂಡು ಹುಬ್ಬಳ್ಳಿಗೆ ಓಡಿದರು. ದಾವಲಸಾಬ್ ಮೂರು ದಿನ ಇಟ್ಟುಕೊಂಡು ನೋಡಿದರು, ಬಲ್ಲವರಿಗೂ ತೋರಿಸಿದರು. 'ಹಾರ್ಡ್ ಡಿಸ್ಕ್ ಹಾಕಿಸಿರೆಂದು ಅಂದೇ ಹೇಳಿದ್ದೆ' ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲವಂತೆ. ಕೈಯಲ್ಲಿ ಅದನ್ನು ಮರಳಿ ಇಟ್ಟು ಚಹಾ ತರಿಸಿದರಂತೆ. ಒಳಗೆ ಒಂದು ಕೆಂಡವೂ ಉಳಿದಿರಲಿಲ್ಲ.

ನೀಲಕ್ಕ ಇನ್ನೂ ಒಂದೂವರೆ ವರ್ಷ ಇದ್ದರು. ಹಾಲಿನವನೊಡನೆ, ಬಾಗಿಲಿಗೆ ಬಂದ ಮಂದಿಯೊಡನೆ ನನ್ನ ಮೂಲಕ ಮಾತಾಡಿದರು. ಕತೆಯನ್ನು ಮಾತ್ರ ನನ್ನಿಂದ ಮತ್ತೆ ಹೇಳಿಸಲಿಲ್ಲ. ಮಗಳು ಮಲಗುವಾಗ ಅವಳ ಬೆನ್ನ ಮೇಲೆ ಕೈಯಿಟ್ಟು ಬೆರಳಲ್ಲಿ ತಾಳ ಹಾಕುತ್ತಿದ್ದರು. ಕೆಲವೊಮ್ಮೆ ಅದೇ ಕೈ ನನ್ನ ಬೆನ್ನಿಗೂ ಬರುತ್ತಿತ್ತು. ಗಂಟು ಮತ್ತೆ ಬೇರೆಡೆ ಕಾಣಿಸಿಕೊಂಡಿತು. ಒಂದು ಶ್ರಾವಣ ಸೋಮವಾರ, ಮಗಳ ಜಡೆ ಹೆಣೆಯುತ್ತಿದ್ದ ಕೈ ಅರ್ಧ ಜಡೆಗೇ ನಿಂತಿತು. ಆ ದಿನ ನನ್ನನ್ನು ಯಾರೂ ಚಾಲೂ ಮಾಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಪಂಪುಗಳ ಕೆಲಸವನ್ನೇ ಮಾಡಿದೆ. ಯಜಮಾನರಿಗೆ ಲ್ಯಾಪ್‌ಟಾಪ್ ಬಂದಾಗ ಮುಕ್ತಾಳ ಪಾಲಿಗೆ ಬಂದೆ. ಅವಳೂ ನನ್ನ ಮೇಲೆಯೇ ಪ್ರೋಗ್ರಾಮ್ ಬರೆಯಲು ಕಲಿತಳು. ಕೌದಿಗಳನ್ನು ಯಾರೂ ಇಳಿಸಲಿಲ್ಲ. ಆ ದನಿಯ ಸಾಫ್ಟ್‌ವೇರ್ ನನ್ನೊಳಗೇ ಇತ್ತು. ತೆರೆಯಲು ಇಬ್ಬರಿಗೂ ಕೈ ಬರಲಿಲ್ಲ, ತೆಗೆದುಹಾಕಲೂ ಬರಲಿಲ್ಲ.

ಮುಪ್ಪು ನನಗೆ ಫ್ಯಾನಿನಲ್ಲಿ ಬಂತು. ನೀಲಕ್ಕ ಆರಿಸಿದ ಕಂದು ಫ್ಯಾನಿನ ಬೇರಿಂಗು ಸವೆಯಿತು. ಮಲಗಿದ ಕೂಸಿನಂತಿದ್ದವನು ಮುದುಕರಂತೆ ನರಳತೊಡಗಿದೆ. ಹೂಂ... ಎಂದು ಎಳೆದು, ಸ್ವಲ್ಪ ತಡೆದು, ಮತ್ತೆ ಹೂಂ... ಹೊಸ ಫ್ಯಾನು ಹಾಕಿಸೋಣ ಎಂದು ಮುಕ್ತಾ ಎರಡು ಸಲ ಅಂದಳು. ಯಜಮಾನರು ಎರಡು ಸಲವೂ ಮಾತು ಮರೆಸಿದರು.

ಮೊನ್ನೆಯ ರವಿವಾರ ಮಧ್ಯಾಹ್ನ ಮುಕ್ತಾ ಸ್ಕ್ರೂಡ್ರೈವರ್ ಹಿಡಿದು ನನ್ನ ಪಕ್ಕ ನೆಲಕ್ಕೆ ಕೂತಳು. ಈಗ ಅವಳಿಗೆ ಹದಿನೇಳು. ನನ್ನ ಬೆನ್ನಿಗೆ ಅಂಗೈಯಿಟ್ಟಳು. ಎಲ್ಲಿ ನಡುಗುತ್ತಿದೆ ಎಂದು ನೋಡಲಿಕ್ಕೆ. ಕೈ ಅಲ್ಲೇ ನಿಂತಿತು. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು ಒಂದು ಉಸಿರು ಎಳೆದುಕೊಂಡಳು.

ಸಾವಿರಾರು ಉಸಿರುಗಳನ್ನು ಒಂದೊಂದಾಗಿ ಆರಿಸಿ ಅಳಿಸಿದ್ದು ನಾನು. ಆ ಉಸಿರಿನ ಗುರುತು ನನಗಿಂತ ಚೆನ್ನಾಗಿ ಯಾರಿಗಿದ್ದೀತು. ಶಿವನೇ, ಅದು ನೀಲಕ್ಕನದೇ.

"ಒಂದೂರಾಗ ಒಂದು ಎಳ್ಳಿನ ಕಾಳು ಇತ್ತಂತ."

ಹೂಂ, ಎಂದೆ ನಾನು.

"ಅದು ಅವ್ವನ್ನ ಹುಡಿಕ್ಕೋತ ಹೊಂಟಿತಂತ. ಎತ್ತನ್ನ ಕೇಳಿತು, ಗಾಳಿನ್ನ ಕೇಳಿತು. ಸಣ್ಣದು ನೋಡು, ಅದರ ದನಿ ಯಾರಿಗೂ ಕೇಳಲಿಲ್ಲಂತ."

ಹೂಂ ಎನ್ನಲು ನಾನು ಎಳೆದೆ. ಅರ್ಧಕ್ಕೆ ಫ್ಯಾನು ಕಚ್ಚಿಕೊಂಡು ನಿಂತುಬಿಟ್ಟಿತು. ಒಮ್ಮೆಲೇ ಕೋಣೆಯಲ್ಲಿ, ಹಿಂದೆ ಹುಬ್ಬಳ್ಳಿಯಿಂದ ಹುಡುಕಿ ತಂದ ಆ ಮೌನವೇ ಬಂದು ಕೂತಿತು. ಮುಕ್ತಾಳ ಅಂಗೈ ಹೂಂಗಾಗಿ ಕಾಯುತ್ತಿತ್ತು. ಕತೆ ಮುಂದೆ ಹೋಗಲಿಲ್ಲ.

ಬಾಗಿಲ ಕೌದಿಯ ಹತ್ತಿರ ಎರಡು ಪಾದಗಳು ಬಂದು ನಿಂತಿದ್ದವು. ಎಷ್ಟು ಹೊತ್ತಾಗಿತ್ತೋ ತಿಳಿಯದು. ಆ ಪಾದಗಳನ್ನು ನಾನು ಹನ್ನೊಂದು ವರ್ಷದಿಂದ ನೋಡಿದ್ದೇನೆ. ಅಂದು ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಮನುಷ್ಯನ ಪಾದಗಳು.

"ಹೂಂ," ಎಂದರು ಯಜಮಾನರು.

ಒಡೆದ, ಸದ್ದು ತುಂಬಿದ ಒಂದು ಹೂಂ. ಅಂದು ಬೇಡಿದ ನೀಲಕ್ಕನಿಗೆ ಸಲ್ಲದೆ ಅಷ್ಟು ವರ್ಷ ಮನಸ್ಸಿನಲ್ಲೇ ಉಳಿದದ್ದು. ಮುಕ್ತಾ ತಿರುಗಿ ನೋಡಲಿಲ್ಲ. ಕಣ್ಣೊರೆಸಿಕೊಂಡು ಕತೆ ಮುಂದುವರಿಸಿದಳು. ಮೈಕು ಇರಲಿಲ್ಲ. ಯಾರೂ ಏನನ್ನೂ ತುಂಬಿಟ್ಟುಕೊಳ್ಳಲಿಲ್ಲ.

ಗಾಳಿಯಿಲ್ಲದೆ ನನ್ನ ಮೈ ಕಾಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ನಾನಾಗಿಯೇ ಆರಿಹೋಗುವವನು. ಎಳ್ಳಿನ ಕಾಳು ಅವ್ವನ ಮನೆ ಮುಟ್ಟುವವರೆಗೆ ಇರಿಸಪ್ಪಾ ಎಂದು ಶಿವನನ್ನು ಕೇಳಿಕೊಂಡೆ.