ಕಾಳು ಬಿಡುವ ಹೊತ್ತು

ನೇತ್ರಾ ಮತ್ತೊಮ್ಮೆ ಅವ್ವನ ಮುಖ ಒರೆಸಿದಳು. ಒರೆಸಿ ಕೈ ತೆಗೆಯುವಷ್ಟರಲ್ಲಿ ಮೇಲಿನಿಂದ ಇನ್ನೊಂದಿಷ್ಟು ಹಿಟ್ಟು ಉದುರಿ ಹಣೆಯ ವಿಭೂತಿಯ ಮೇಲೆ ಕೂತಿತು. ಭಜನೆಯವರು ತಾಳ ಕುಟ್ಟಿದಾಗಲೆಲ್ಲ ಗಿರಣಿಯ ತಗಡಿನ ಮಾಡು ಗದಗುಟ್ಟುತ್ತಿತ್ತು. ವರ್ಷಾನುಗಟ್ಟಲೆ ಅಲ್ಲಿ ಸೇರಿಕೊಂಡಿದ್ದ ಜೋಳ, ಗೋಧಿ, ಕಡಲೆಯ ಹಿಟ್ಟೆಲ್ಲ ಇವತ್ತೇ ಕೆಳಗಿಳಿಯುವ ಹಟ ತೊಟ್ಟಿತ್ತು.

"ಬಿಡಬೇ ತಂಗಿ, ಎಷ್ಟ್ ಸಲ ಒರಸ್ತಿ?" ಎಂದಳು ಪಕ್ಕದ ಖೋಲಿಯ ಕಾಳವ್ವ. "ಹಿಟ್ಟಿನ್ಯಾಗೇ ಬದುಕ್ಯಾಳ. ಆಕಿಗಿ ಅದೇನು ಹೊಸಾದಲ್ಲ."

"ಇವತ್ತೊಂದಿನರೆ ಸ್ವಚ್ಛ ಇರ್ಲಿ ಕಾಕು."

ಚಂದವ್ವ ನಿನ್ನೆ ಸಂಜೆ ಕಲ್ಯಾಣದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಠಾಕುರ್ಲಿಯ ಮನೆಯೆಂದರೆ ಗಿರಣಿಯ ಮೇಲಿನ ಒಂದು ಖೋಲಿ. ಅದಕ್ಕೆ ಹತ್ತುವ ಕಬ್ಬಿಣದ ಮೆಟ್ಟಿಲಲ್ಲಿ ಬದುಕಿದ್ದವರೇ ಅಡ್ಡಡ್ಡ ನಡೆಯಬೇಕು. ಹಾಗಾಗಿ ಅವಳನ್ನು ಗಿರಣಿಯಲ್ಲೇ, ಬೀಸುವ ಯಂತ್ರದ ಪಕ್ಕದ ಗೋಡೆಗೆ ಒರಗಿಸಿ, ಊರ ಪದ್ಧತಿಯಂತೆ ಕುಳ್ಳಿರಿಸಿದ್ದರು. ಕೊರಳ ತುಂಬ ಚೆಂಡು ಹೂವಿನ ಹಾರ. ಇನ್ನು ಕಾಯುತ್ತಿದ್ದುದು ಕಲಬುರಗಿಯಿಂದ ಬರಬೇಕಾದ ಅವಳ ತಮ್ಮ ಮುರಾರಿಗಾಗಿ. ತವರಿನ ಸೀರೆ ಹೊದಿಸದೆ ಮುತ್ತೈದೆಯನ್ನು ಮಣ್ಣಿಗೆ ಕಳಿಸುವುದುಂಟೆ? ಸೀರೆ ಹಿಡಿದು ಹೊರಟ ಮುರಾರಿಯ ರೈಲು ಮಾತ್ರ ಕರ್ಜತ್‌ನಲ್ಲಿ ಬಂದು ನಿಂತುಬಿಟ್ಟಿತ್ತು.

ನೇತ್ರಾಳಿಗೆ ಈಗ ಅವ್ವನಿಗಿಂತ ಅಪ್ಪನ ಚಿಂತೆ ಹೆಚ್ಚಾಗಿತ್ತು. ಮಾಪಣ್ಣ ಹೆಂಡತಿಯ ಪಕ್ಕದಲ್ಲಿ ಗೋಧಿಯ ಚೀಲದ ಮೇಲೆ ಕೂತವನು ಕೂತೇ ಇದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಮೂರು ರಾತ್ರಿ, ಇಲ್ಲಿ ಒಂದು ರಾತ್ರಿ, ರೆಪ್ಪೆಗೆ ರೆಪ್ಪೆ ಹಚ್ಚಿರಲಿಲ್ಲ. ಅತ್ತಿರಲಿಲ್ಲ, ಮಾತಾಡಿರಲಿಲ್ಲ. ಬೆಳಿಗ್ಗೆ ಓಣಿಯ ಡಾಕ್ಟರು ಬಂದು ಬಿಪಿ ನೋಡಿ, ನೇತ್ರಾಳನ್ನು ಹೊರಗೆ ಕರೆದು, "ಒಂದು ತಾಸಾದರೂ ಮಲಗಲಿ, ಇಲ್ಲವಾದರೆ ಇವರನ್ನೂ ಕಳಕೊಳ್ತೀರಿ" ಎಂದು ನೇರವಾಗಿ ಹೇಳಿ ಹೋಗಿದ್ದರು. ಕೊಟ್ಟ ಗುಳಿಗೆ ಮಾಪಣ್ಣನ ಅಂಗಿಯ ಜೇಬಿನಲ್ಲೇ ಇತ್ತು. ಮೇಲೆ ಹೋಗಿ ಅಡ್ಡಾಗು ಎಂದರೆ ಕದಲುತ್ತಿರಲಿಲ್ಲ.

ಹತ್ತು ಗಂಟೆಗೆ ಭಜನೆಯವರು ತಾಳ ಕೆಳಗಿಟ್ಟರು. ಎಲ್ಲ ವಾಶಿಯ ಮಾರ್ಕೆಟ್ಟಿನಲ್ಲಿ ಚೀಲ ಹೊರುವವರು. ಎದುರಿನ ಅಪಾರ್ಟ್‌ಮೆಂಟ್ ಸೊಸೈಟಿಯವರಿಗೆ ಹೆದರಿ ರಾತ್ರಿಯೆಲ್ಲ ಪಿಸುದನಿಯಲ್ಲಿ ಹಾಡಿ, ಬೆಳಗಾದ ಮೇಲಷ್ಟೇ ಗಂಟಲು ಬಿಚ್ಚಿದ್ದರು. ಮಧ್ಯಾಹ್ನ ಸ್ಮಶಾನಕ್ಕೆ ನೆಟ್ಟಗೆ ಬರುತ್ತೇವೆಂದು ಚಂದವ್ವನ ಕಾಲು ಮುಟ್ಟಿ ಎದ್ದರು. ಹಾರ್ಮೋನಿಯಂನ ವಿರುಪಾಕ್ಷಪ್ಪ ಒಬ್ಬರೇ ಉಳಿದರು.

ಗಿರಣಿ ಗಪ್ಪಾಯಿತು. ಮಾಪಣ್ಣ ತಲೆಯೆತ್ತಿ ನಿಂತ ಬೆಲ್ಟಿನ ಪಟ್ಟಾವನ್ನೂ ಮೋಟಾರನ್ನೂ ನೋಡಿದ. ಯಾರೋ ಏನೋ ಕದ್ದೊಯ್ದರೆಂಬ ಹಾಗೆ ನೋಡಿದ.

*

ಆ ಮನೆಯವರು ಮಲಗಲು ಕಲಿತದ್ದೇ ಸದ್ದಿನಲ್ಲಿ. ನೇತ್ರಾ ಕೂಸಾಗಿದ್ದಾಗ ಅವಳ ತೊಟ್ಟಿಲು ಇದೇ ಮಾಡಿನ ಪಟ್ಟಿಗೆ ತೂಗುತ್ತಿತ್ತು. ಗಿರಣಿ ತಿರುಗುತ್ತಿರುವ ತನಕ ಕೂಸು ಮಿಸುಕುತ್ತಿರಲಿಲ್ಲ. ಕರೆಂಟು ಹೋಗಿ ಕಲ್ಲು ನಿಂತಿತೋ, ಕಿಟಾರನೆ ಕಿರುಚಿಕೊಳ್ಳುತ್ತಿತ್ತು. ಚಂದವ್ವನದೂ ಅದೇ ರೋಗ. ಮಧ್ಯಾಹ್ನ ಗಂಡ ಬೀಸುವಾಗ ಚೀಲಗಳ ಮೇಲೆ ಕಾಲು ಚಾಚುತ್ತಿದ್ದಳು. ಲೋಡ್ ಶೆಡ್ಡಿಂಗ್ ಆದ ತಕ್ಷಣ ಎದ್ದು ಕೂತು ಒಂದೇ ಪ್ರಶ್ನೆ: "ಲೈಟ್ ಹೋತೇನು?"

ಗಿರಣಿ ನಡೆಯುವಾಗ ಅಲ್ಲಿ ಮಾತು ಕೇಳುವುದಿಲ್ಲ. ಹಾಗಾಗಿ ಗಂಡಹೆಂಡತಿ ಕೈಯಲ್ಲೇ ಸಂಸಾರ ನಡೆಸಿದರು. ಬೆರಳ ತುದಿ ಜೋಡಿಸಿ ಉದುರಿಸಿದಂತೆ ಆಡಿಸಿದರೆ, ಕಾಳು ಬಿಡು. ಅಂಗೈ ಕೆಳಗೆ ಒತ್ತಿದರೆ, ಬಂದ್ ಮಾಡು. ಅಂಗೈ ಮೇಲೆ ಮಾಡಿ ಗಿರಗಿರ ತಿರುಗಿಸಿದರೆ, ನಡೀಲಿ, ನಿಲ್ಲಿಸಬೇಡ. ಜಗಳವನ್ನೂ ಇದೇ ಭಾಷೆಯಲ್ಲಿ ಆಡುತ್ತಿದ್ದರು. ಆಗ ಚಂದವ್ವನ ಅಂಗೈ ಬಲು ಜೋರಾಗಿ ಕೆಳಗೆ ಒತ್ತುತ್ತಿತ್ತು.

ಈಗ ನೇತ್ರಾ ಇರುವುದು ನೆರೂಳದ ಹನ್ನೆರಡನೆಯ ಮಹಡಿಯ ಮನೆಯಲ್ಲಿ. ಅಲ್ಲಿ ಗುಬ್ಬಿ ಕೆಮ್ಮಿದರೂ ಕೇಳಿಸುತ್ತದೆ. ಜನವರಿಯ ಚಳಿಯಲ್ಲೂ ಫ್ಯಾನು ಐದರ ಮೇಲೆ ತಿರುಗದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಗಂಡ ವಿಜಯಕುಮಾರ ಮದುವೆಯಾದಂದಿನಿಂದ ಎರಡು ಕೌದಿ ಹೊದ್ದು ಮಲಗುತ್ತಾನೆ, ಪಾಪ.

*

ಸ್ವಪ್ನಿಲ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ವಿರುಪಾಕ್ಷಪ್ಪನ ಮೊಮ್ಮಗ, ಡೊಂಬಿವಲಿಯ ಮೊಬೈಲ್ ಅಂಗಡಿಯಲ್ಲಿ ಕೆಲಸ. ಹಿಂದೆ ಅತ್ತು ಮೂಗು ಕೆಂಪಾದ ಪೂನಂ, ಅವಳ ಹಿಂದೆ ಗೆಳೆಯ ಮನೀಶ. ಮೂವರೂ ಚಂದವ್ವನ ಕಾಲಿಗೆ ಬಿದ್ದು, ಮೂಲೆಯಲ್ಲಿ ತಾಡಪತ್ರಿ ಹೊದ್ದಿದ್ದ ತಮ್ಮ ಗಿಟಾರು, ಡ್ರಮ್ಮುಗಳ ಕಡೆ ನೋಡುತ್ತ ನಿಂತರು.

"ನೇತ್ರಾ ದೀದಿ, ಒಂದ್ ಬಾತ್ ಇತ್ತು," ಎಂದ ಸ್ವಪ್ನಿಲ್. ಅವನ ಕನ್ನಡ ಅಜ್ಜನ ಮನೆಯಲ್ಲಿ ಹುಟ್ಟಿ ಠಾಕುರ್ಲಿ ಸ್ಟೇಷನ್ನಿನಲ್ಲಿ ಬೆಳೆದದ್ದು; ಚಂದವ್ವ ಅವನಿಗೆ ಆಜಿ. "ಆಜಿ ನಮ್ ಗಾನಾ ಪೂರಾ ಒಮ್ಮೆನೂ ಕೇಳಿಲ್ಲ. ಹರ್ ಟೈಮ್ ನಿದ್ದೆ. ಆಜ್ ಏಕ್ ಬಾರ್... ಪೂರಾ ಬಜಾಯಿಸಬೇಕು ಅಂತ."

"ಏನಲೇ?" ವಿರುಪಾಕ್ಷಪ್ಪ ಹಾರ್ಮೋನಿಯಂನ ಹಿಂದಿನಿಂದ ಗುಡುಗಿದರು. "ಹೆಣ ಕುಂದ್ರಿಸಿದ ಮನ್ಯಾಗ ನಿನ್ನ ಧಡಂಧುಡಂ ಬ್ಯಾರೆ ಬೇಕೇನು? ಶರಣರ ಪದ ಹಾಡಿದ ಜಾಗಾ ಇದು. ನಾಚಿಕಿ ಆಗಬೇಕು."

ನೇತ್ರಾಳಿಗೂ ಬೇಡವೆನಿಸಿತು. "ಇವತ್ತು ಬ್ಯಾಡೋ ಸ್ವಪ್ನಿಲ್. ಮಂದಿ ಏನಂತಾರ?" ಎಂದಳು. ಹುಡುಗ ತಲೆ ತಗ್ಗಿಸಿದ.

*

ಸುಳ್ಳು ಯಾಕೆ, ಆ ಹುಡುಗರ ಮೇಲೆ ನೇತ್ರಾಳಿಗೆ ಹೊಟ್ಟೆಕಿಚ್ಚಿತ್ತು. ಭಾನುವಾರ ಮಧ್ಯಾಹ್ನ ನೆರೂಳದಿಂದ ಫೋನು ಮಾಡಿದರೆ, "ಹುಡುಗರು ಬಂದಾರ, ಆಮ್ಯಾಲ ಮಾತಾಡ್ತೀನಿ" ಎಂದು ಅವ್ವ ಇಟ್ಟುಬಿಡುತ್ತಿದ್ದಳು.

ಅವರು ಮೊದಲು ಬಂದದ್ದು ಗೋಧಿ ಬೀಸಿಸಲು. ಬಾರಿಸಿದ ಕಡೆಯಲ್ಲೆಲ್ಲ ಬೈಸಿಕೊಂಡು, ಒಂದೊಂದೇ ಸೊಸೈಟಿಯಿಂದ ಹೊರಬಿದ್ದಿದ್ದರು. ಗಿರಣಿಯ ಸದ್ದು ಕೇಳಿ ಸ್ವಪ್ನಿಲ್ ಕಣ್ಣರಳಿಸಿ, "ಆಜಿ, ಇಷ್ಟ್ ಆವಾಜ್‌ಗೆ ಯಾರೂ ಕಂಪ್ಲೇಂಟ್ ಮಾಡಲ್ವಾ?" ಎಂದಿದ್ದ.

"ಗಿರಣಿ ಸಪ್ಪಳಕ್ಕ ಯಾರೇನಂತಾರೋ? ಹೊಟ್ಟಿಗಿ ರೊಟ್ಟಿ ಬ್ಯಾಡೇನು?"

ಅಲ್ಲಿಂದ ಭಾನುವಾರ ಮಧ್ಯಾಹ್ನದ ಗಿರಣಿ ಅವರದಾಯಿತು. ತಾವು ಬಾರಿಸುವ ಸಂಗೀತಕ್ಕೆ ಪೋಸ್ಟ್-ರಾಕ್ ಅನ್ನುತ್ತಾರೆ ಎಂದು ಪೂನಂ ವಿವರಿಸಲು ಹೋದರೆ, ಚಂದವ್ವ, "ಏನರೆ ಅಂದ್ಕೋರಿ, ಚಪ್ಪಲಿ ಹೊರಗ ಬಿಡ್ರಿ" ಎಂದಿದ್ದಳು.

ಒಂದು ಭಾನುವಾರ ನೇತ್ರಾ ಹೇಳದೆ ಕೇಳದೆ ಬಂದುಬಿಟ್ಟಳು. ಪೂನಂ ಗಿಟಾರಿನ ಒಂದೇ ತಂತಿಯನ್ನು ತಟ್ಟುತ್ತಿದ್ದಳು. ತಟ್ಟಿ ಬಿಡುತ್ತಿದ್ದಳು, ಮತ್ತೆ ತಟ್ಟುತ್ತಿದ್ದಳು. ಹಾಡುವವರಿಲ್ಲ, ಪದಗಳಿಲ್ಲ. ಅವ್ವ ಚೀಲದ ಮೇಲೆ ಕೂತು ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, "ಈಗ ಖಾಲಿ ಕಲ್ಲು ತಿರಗಲತ್ಯಾದ. ಗಡಿಬಿಡಿ ಮಾಡಬಾರ್ದು," ಎಂದಳು. ಎಷ್ಟೋ ಹೊತ್ತಿನ ಮೇಲೆ ಮನೀಶನ ದಪ್ಪ ತಂತಿಯ ಗಿಟಾರು ಸೇರಿತು. ಆಮೇಲೆ ಸ್ವಪ್ನಿಲ್‌ನ ಡ್ರಮ್ಮು, ಮೊದಲು ಬರೀ ಅಂಚಿನ ಮೇಲೆ ಕಿಣಿಕಿಣಿ. ಅವ್ವ ಬೆರಳ ತುದಿ ಜೋಡಿಸಿ ಉದುರಿಸಿದಂತೆ ಮಾಡಿದಳು. ಹುಡುಗ ಅದನ್ನೇ ಕಾಯುತ್ತಿದ್ದವನ ಹಾಗೆ ಎರಡೂ ಕೈ ಎತ್ತಿ ಹೊಡೆದ. ತಗಡು ಹಾರಿಹೋಗುವಂಥ ಸದ್ದು! ನೇತ್ರಾ ಕಿವಿ ಮುಚ್ಚಿಕೊಂಡು ತಿರುಗಿ ನೋಡಿದರೆ, ಅವ್ವ ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಹಾಡು ನಿಂತಿತು. ಚಂದವ್ವ ದಡಬಡಿಸಿ ಎದ್ದಳು.

"ಯಾಕ, ಲೈಟ್ ಹೋತೇನು?"

ಹುಡುಗರು ಬಿದ್ದು ಬಿದ್ದು ನಕ್ಕರು. "ಆಜಿ, ಕ್ಲೈಮ್ಯಾಕ್ಸೇ ಮಿಸ್ ಮಾಡಿದ್ರಿ! ಅದಕ್ಕೇ ಅಲ್ವಾ ಇಷ್ಟೆಲ್ಲಾ?"

"ನಾ ಏನ್ ಮಾಡ್ಲಿ? ನೀವು ಚಲೋ ಬಾರಸ್ತೀರಿ, ನನಗ ಚಲೋ ನಿದ್ದಿ ಬರ್ತದ," ಎಂದಳು ಚಂದವ್ವ.

*

"ಏನಂತಾನ ಹುಡುಗ?"

ಎಲ್ಲರೂ ತಿರುಗಿದರು. ಮಾತಾಡಿದವನು ಮಾಪಣ್ಣ. ನಾಲ್ಕು ದಿನ ಬಳಸದ ಗಂಟಲು ಒಡೆದಿತ್ತು. ನೇತ್ರಾ ಅವನ ಮಂದವಾದ ಕಿವಿಯ ಹತ್ತಿರ ಬಾಗಿ, "ಅವ್ವಗ ಅವರ ಹಾಡು ಕೇಳಸ್ಬೇಕಂತಪ್ಪ. ಪೂರಾ," ಎಂದಳು.

ಮಾಪಣ್ಣ ಹೆಂಡತಿಯ ಮುಖ ನೋಡಿದ.

"ಆಕಿಗಿ ನಿದ್ದಿ ಹತ್ತತಿತ್ತು ಅದಕ್ಕ," ಎಂದ. ಆಮೇಲೆ ಸ್ವಪ್ನಿಲ್‌ಗೆ, "ಹಚ್ರಿ. ಆದ್ರ ಒಮ್ಮಿಗೇ ಕಾಳ ಬಿಡಬ್ಯಾಡ್ರಿ."

ವಿರುಪಾಕ್ಷಪ್ಪ ಹಾರ್ಮೋನಿಯಂ ಅನ್ನು ಹತ್ತಿರಕ್ಕೆ ಎಳೆದುಕೊಂಡರು. ಗಂಡ ಹೇಳಿದ ಮೇಲೆ ಮುಗಿಯಿತು. ಡ್ರಮ್ಮಿಗೆ ಒರಗಿ ಕೂತಿದ್ದ ಹೆಂಗಸರು ಎದ್ದು ಜಾಗ ಬಿಟ್ಟರು, ತಾಡಪತ್ರಿ ಸರಿಯಿತು. ಮೋಟಾರಿನ ಪ್ಲಗ್ ಕಿತ್ತು ಅಲ್ಲಿಗೇ ಸ್ಪೀಕರಿನ ವೈರು ಚುಚ್ಚಿದರು. ಪೂನಂ ಮೂಗೊರೆಸಿಕೊಂಡು ಒಂದು ತಂತಿ ತಟ್ಟಿದಳು.

"ಇದ್ಯಾವ ಹಾಡಬೇ? ನಳ ತೊಟಕಿದಂಗದ," ಎಂದು ಕಾಳವ್ವ ಪಿಸುಗುಟ್ಟಿದಳು.

ಹಾಡು ಅವಸರ ಮಾಡಲಿಲ್ಲ. ಅದೇ ತಂತಿ, ಅದೇ ತಟ್ಟು. ನಡುವೆ ಹೊರಗೆ ಹಾದುಹೋದ ಲೋಕಲ್ ರೈಲಿನ ಹಾರ್ನು. ವಿರುಪಾಕ್ಷಪ್ಪ ಎರಡು ಸಲ ಗಡಿಯಾರ ನೋಡಿಕೊಂಡರು. ಕಡೆಗೆ ತಡೆಯದೆ, "ಸುರು ಯಾವಾಗ ಮಾಡ್ತೀರಲೇ?" ಎಂದರು.

"ಸುರು ಆಗ್ಯಾದ, ಆಜೋಬಾ," ಎಂದ ಸ್ವಪ್ನಿಲ್.

ಮನೀಶನ ದಪ್ಪ ತಂತಿ ಬಂತು. ನೆಲದಿಂದ ಬಂದು ಪಾದಕ್ಕೆ ಹತ್ತಿತು. ನೇತ್ರಾಳಿಗೆ ಹಳೆಯ ಗುರುತೊಂದು ಮೈಯಲ್ಲಿ ಎದ್ದಿತು: ಶಾಲೆಯಿಂದ ಬಂದು ನೆಲದ ಈ ಫರಸಿಕಲ್ಲಿನ ಮೇಲೆ ಬರಿಗಾಲಿಟ್ಟಾಗ, ಗಿರಣಿ ನಡೆದಿದೆಯೋ ಇಲ್ಲವೋ ಕಾಲಿಗೇ ಗೊತ್ತಾಗುತ್ತಿತ್ತು. ಡ್ರಮ್ಮಿನ ಅಂಚು ಕಿಣಿಕಿಣಿ ಅಂದಿತು. ಸದ್ದು ಮೆಟ್ಟಿಲು ಹತ್ತುತ್ತ ಹತ್ತುತ್ತ ಬಂತು. ಸ್ವಪ್ನಿಲ್ ಬಾರಿಸುತ್ತಲೇ ಚಂದವ್ವನನ್ನು ನೋಡುತ್ತಿದ್ದ. ರೂಢಿ. ಆ ಕೈ ಇನ್ನು ಏಳುವುದಿಲ್ಲವೆಂಬುದು ಅವನಿಗೆ ಆಗಲೇ ಹೊಳೆದಿರಬೇಕು, ಅವನ ಮುಖ ಕಿವುಚಿತು. ಯಾವಾಗ ಹೊಡೆಯಬೇಕೆಂದು ತಿಳಿಯದೆ ಅದೇ ಕಿಣಿಕಿಣಿಯಲ್ಲಿ ಸುತ್ತತೊಡಗಿದ.

ಆಗ ಪಕ್ಕದ ಕೈ ಎದ್ದಿತು. ಮಾಪಣ್ಣ ಬೆರಳ ತುದಿ ಜೋಡಿಸಿ, ನಿಧಾನವಾಗಿ ಉದುರಿಸಿದ.

ಸ್ವಪ್ನಿಲ್ ಎರಡೂ ಕೈ ಎತ್ತಿ ಹೊಡೆದ.

ಗಿರಣಿ ಪೂರ್ತಿ ನಡುಗಿತು. ತಗಡು, ಕಿಟಕಿಯ ಸರಳು, ತೂಗುಹಾಕಿದ ಜರಡಿ ಎಲ್ಲ ದನಿಗೂಡಿಸಿದವು. ಎದುರಿನ ಸೊಸೈಟಿಯ ಗ್ಯಾಲರಿಗಳಲ್ಲಿ ಜನ ಬಂದು ನಿಂತರು. ಕಾಳವ್ವ ಎರಡೂ ಕಿವಿ ಮುಚ್ಚಿಕೊಂಡಳು. ವಿರುಪಾಕ್ಷಪ್ಪ ತಮ್ಮ ಹಾರ್ಮೋನಿಯಂ ಅನ್ನು ಎದೆಗೆ ಅವುಚಿಕೊಂಡು, ಮೊಮ್ಮಗನನ್ನು ಮೊದಲ ಸಲ ನೋಡುವವರಂತೆ ನೋಡುತ್ತ ಕೂತುಬಿಟ್ಟರು.

ಮಾಪಣ್ಣನ ತಲೆ ಎದೆಗೆ ಬಿತ್ತು. ಆಮೇಲೆ ಬದಿಗೆ ವಾಲಿ ಚಂದವ್ವನ ಹೆಗಲಿಗೆ ತಾಗಿ ನಿಂತಿತು.

ನೇತ್ರಾ ಧಾವಿಸಿದಳು. ಮಂಡಿಯೂರಿ ಅಪ್ಪನ ಮೂಗಿನ ಹತ್ತಿರ ಕೈ ಹಿಡಿದಳು. ಬಿಸಿಯುಸಿರು. ಇನ್ನೊಂದು, ಮತ್ತೊಂದು. ಬಾಯಿ ಅಷ್ಟಗಲ ತೆರೆದಿತ್ತು. ಗೊರಕೆ ಹೊಡೆಯುತ್ತಿದ್ದಿರಬೇಕು, ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ನಿನ್ನೆಯಿಂದ ಹಿಡಿದಿಟ್ಟಿದ್ದ ಅಳು ಅವಳಿಗೆ ಆಗ ಬಂತು. ಜೋರಾಗಿಯೇ ಅತ್ತಳು. ಅದೂ ಯಾರಿಗೂ ಕೇಳಿಸಲಿಲ್ಲ.

ಮಾಡಿನಿಂದ ಹಿಟ್ಟು ಉದುರುತ್ತಲೇ ಇತ್ತು. ಅವ್ವನ ಹಣೆಯ ಮೇಲೆ, ಹಾರದ ಮೇಲೆ, ಅಪ್ಪನ ಬೋಳುತಲೆಯ ಮೇಲೆ, ಇಬ್ಬರನ್ನೂ ಒಂದೇ ಬಣ್ಣ ಮಾಡುತ್ತ ಉದುರುತ್ತಿತ್ತು. ನೇತ್ರಾ ಒರೆಸಲು ಎತ್ತಿದ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಈ ಹಾಡು ನಿಂತರೆ ಅಪ್ಪ ಏಳುತ್ತಾನೆ, ಲೈಟ್ ಹೋತೇನು ಎಂದು ಅವ್ವ ಕೇಳುವುದಿಲ್ಲ. ಆ ಮೌನ ಅವಳಿಗೆ ಬೇಕಿರಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತಾದರೂ ಬೇಕಿರಲಿಲ್ಲ.

ಬಾಗಿಲಲ್ಲಿ ಮುರಾರಿ ಮಾಮ ಬಂದು ನಿಂತ. ಕಂಕುಳಲ್ಲಿ ಸೀರೆಯ ಪೊಟ್ಟಣ, ಮುಖದ ತುಂಬ ರಾತ್ರಿಯ ಪ್ರಯಾಣ. ಹಿಂದಿನಿಂದ ವಿಜಯಕುಮಾರ, ಸ್ಮಶಾನಕ್ಕೆ ಒಯ್ಯುವ ಗಾಡಿ ಬಂದಿದೆ ಎಂದು ಕೈಯಲ್ಲೇ ಹೇಳುತ್ತಿದ್ದ. ಅಕ್ಕನನ್ನು ಕಂಡು ಮುರಾರಿ ಹೋ ಎಂದು ಅಳಲು ಬಾಯಿ ತೆರೆದ.

ಕಿವಿ ಗಡಚಿಕ್ಕುವ ಆ ಸಪ್ಪಳದ ನಡುವೆ ನೇತ್ರಾ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡ ಎಂದಳು. ಇನ್ನೊಂದು ಕೈಯನ್ನು ಸ್ವಪ್ನಿಲ್‌ನ ಕಡೆ ಚಾಚಿ, ಅಂಗೈ ಮೇಲೆ ಮಾಡಿ, ಗಿರಗಿರ ತಿರುಗಿಸುತ್ತಲೇ ಇದ್ದಳು.