ಎರಡನೆಯ ಸ್ಲೈಡು

ನಾನೊಂದು ಸೂಕ್ಷ್ಮದರ್ಶಕ. ಪಠ್ಯಪುಸ್ತಕ ಬಿಟ್ಟರೆ ಬೇರೆಲ್ಲೂ ನನ್ನನ್ನು ಹಾಗೆ ಕರೆಯುವವರಿಲ್ಲ. ಎಲ್ಲರ ಬಾಯಲ್ಲೂ ನಾನು ಮೈಕ್ರೋಸ್ಕೋಪು. ಹುಟ್ಟಿದ್ದು ಅಂಬಾಲಾದ ಒಂದು ಕಾರ್ಖಾನೆಯಲ್ಲಿ. ಕಬ್ಬಿಣದ ಪಾದ, ಹಿತ್ತಾಳೆಯ ಕೊಳವೆ, ತಿರುಗಿಸಿದರೆ ಕಟಕ್ ಎಂದು ಕೂರುವ ಮೂರು ಮಸೂರಗಳು, ಬೆಳಕು ಹಿಡಿಯಲು ಕೆಳಗೊಂದು ದುಂಡು ಕನ್ನಡಿ. ನನಗೆ ಕರೆಂಟಿನ ಹಂಗಿಲ್ಲ, ಒಂದು ಕಿಟಕಿ ಇದ್ದರೆ ಸಾಕು. ನನ್ನನ್ನು ಜೋಡಿಸಿದ ಮುದುಕ ತನ್ನ ತಲೆಯ ಬಿಳಿ ಕೂದಲೊಂದನ್ನು ಕಿತ್ತು ನನ್ನ ಕೆಳಗಿಟ್ಟು ನೋಡಿ, ತಲೆದೂಗಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿದ. ಇಟ್ಟಿದ್ದನ್ನು ದೊಡ್ಡದು ಮಾಡಿ ತೋರಿಸುವುದು, ನನ್ನ ಬದುಕು ಇಷ್ಟೇ ಅಂದುಕೊಂಡೆ. ಎಂಥ ಮಂಕು ನಾನು!

ಪೆಟ್ಟಿಗೆ ತೆರೆದದ್ದು ವಿಜಯಪುರದ ಹೊರಗೆ, ಎರೆಭೂಮಿಯ ನಡುವಿನ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ. ನನ್ನ ಮೊದಲ ಯಜಮಾನರು ಮಣ್ಣಿನ ವಿಭಾಗದ ರಾಚಪ್ಪ ಸರ್. ತೊಗರಿ ಬೇರಿನ ಗಂಟುಗಳನ್ನು ಅರೆದು, ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಚ್ಚಿ ನನ್ನ ಕೆಳಗಿಡುತ್ತಿದ್ದರು. ನನಗೆ ಜನರ ಮುಖ ಕಾಣುವುದಿಲ್ಲ. ನನ್ನ ಮೇಲೆ ಬಾಗಿದಾಗ ಒಂದು ಕಣ್ಣು ಮಾತ್ರ ಕಾಣುತ್ತದೆ. ಮಣ್ಣಿನ ಜೀವಾಣುಗಳು ಕಿಕ್ಕಿರಿದಿದ್ದರೆ ರಾಚಪ್ಪ ಸರ್ ಕಣ್ಣು ಅರಳುತ್ತಿತ್ತು. ಇಲ್ಲದಿದ್ದರೆ ಸಣ್ಣದಾಗುತ್ತಿತ್ತು. ಆದರೆ ಅವರು ಮಣ್ಣನ್ನು ಒಂದು ದಿನವೂ ಬೈದವರಲ್ಲ. "ನೆಲ ಹಸದದ, ಅಷ್ಟ. ಗೊಬ್ಬರ ಹಾಕೂಣು, ಒಂದ ಮಳಿಗಾಲ ಕಾಯೂಣು" ಎನ್ನುತ್ತಿದ್ದರು. ಜೀವ ಇದ್ದರೆ ಸಂತೋಷ, ಇಲ್ಲದಿದ್ದರೆ ಆರೈಕೆ. ಈ ಲೆಕ್ಕ ನನಗೆ ಅರ್ಥವಾಯಿತು, ಮನಸ್ಸಿಗೂ ಹಿಡಿಸಿತು.

ಅವರು ನಿವೃತ್ತರಾದ ಮೇಲೆ ನಾನು ಜೋಳದ ವಿಭಾಗಕ್ಕೆ ಹೋದೆ. ಅಲ್ಲಿಂದಲೇ ನನ್ನ ತಲೆ ಕೆಡಲು ಶುರುವಾದದ್ದು.

ಅಲ್ಲಿದ್ದವಳು ಡಾಕ್ಟರ್ ಕಸ್ತೂರಿ, ತಳಿ ತಜ್ಞೆ. ಬೆಳಗ್ಗೆ ಎದ್ದವಳೇ ಹೊಲಕ್ಕೆ ಹೋಗಿ, ಜೋಳದ ತೆನೆಯಿಂದ ಹೂಪುಡಿ ಉದುರಿಸಿಕೊಂಡು ಬಂದು, ಅಯೋಡಿನ್ ಹನಿ ಹಾಕಿ ನನ್ನ ಕೆಳಗಿಡುತ್ತಿದ್ದಳು. ಜೀವವಿರುವ ಪರಾಗದ ಕಣ ಕಪ್ಪಾಗುತ್ತದೆ, ಬರಡು ಕಣ ಬಿಳಿಚಿಕೊಂಡೇ ಇರುತ್ತದೆ. ಒಂದು ದಿನ ನನ್ನ ಕೆಳಗಿನ ಕಣಗಳೆಲ್ಲ ಬಿಳಿಚಿಕೊಂಡು ಕೂತಿದ್ದವು. ಒಂದಕ್ಕೂ ಜೀವವಿಲ್ಲ. ಅಯ್ಯೋ, ಈ ಹುಡುಗಿಯ ಕಣ್ಣು ಈಗ ಸಣ್ಣದಾಗುತ್ತದೆ ಎಂದು ಮರುಗಿದೆ. ಆಕೆಯೋ ಸ್ಟೂಲಿನಿಂದ ಜಿಗಿದಳು.

"ಪೂರಾ ಬರಡು! ಒಂದೂ ಕಪ್ಪಿಲ್ಲ! ಯಾರರ ಪೇಡೆ ತರಿಸ್ರಿ!"

ಪೇಡೆ ಬಂತು. ಚಪ್ಪಾಳೆಯೂ ಬಿತ್ತು. ಹೊಸ ಮಿಶ್ರತಳಿ ಮಾಡಬೇಕಾದರೆ ತಾಯಿ ಗಿಡದ ಪರಾಗ ಬರಡಾಗಿಯೇ ಇರಬೇಕಂತೆ. ಇಲ್ಲದಿದ್ದರೆ ಅದು ತನ್ನಷ್ಟಕ್ಕೆ ತಾನೇ ಕಾಳು ಕಟ್ಟಿಕೊಂಡು ಕೂತುಬಿಡುತ್ತದಂತೆ. ಇಂಥ ತಳಿ ಸಿಗುವುದೇ ಪುಣ್ಯವಂತೆ. ಆಯಿತು ತಾಯಿ, ಬರಡುತನವೂ ಒಳ್ಳೆಯದೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಸಮಾಧಾನವೂ ಬಹಳ ದಿನ ಉಳಿಯಲಿಲ್ಲ. ಅದೇ ಕೇಂದ್ರದ ದನಗಳ ವಿಭಾಗದಲ್ಲಿ ಪಶುವೈದ್ಯನಾಗಿದ್ದವನು ಚನವೀರ, ಕಸ್ತೂರಿಯ ಗಂಡ. ಅವನ ಸೂಕ್ಷ್ಮದರ್ಶಕದ ಮಸೂರಕ್ಕೆ ಬೂಷ್ಟು ಹಿಡಿದಿತ್ತು. ಹಾಗಾಗಿ ಮಧ್ಯಾಹ್ನದ ಮೇಲೆ ನನ್ನನ್ನು ಎರವಲು ಒಯ್ಯುತ್ತಿದ್ದ. ಅವನು ನನ್ನ ಕೆಳಗಿಡುತ್ತಿದ್ದದ್ದು ಖಿಲಾರಿ ಹೋರಿಗಳ ವೀರ್ಯದ ಹನಿ. ಒಳ್ಳೆಯ ಹೋರಿಯದಾದರೆ ಇಡೀ ಹನಿಯೇ ಜಾತ್ರೆ, ಒಂದರ ಮೇಲೊಂದು ನುಗ್ಗುವ ಜೀವಗಳು. ಕೆಲವು ಸಲ ಏನೂ ಅಲುಗಾಡುತ್ತಿರಲಿಲ್ಲ. ಆಗ ಚನವೀರ ಗೊಬ್ಬರ ಹಾಕುತ್ತಿರಲಿಲ್ಲ, ಪೇಡೆ ತರಿಸುತ್ತಿರಲಿಲ್ಲ. ಕಣ್ಣೆತ್ತಿ, "ಇದು ನಡ್ಯೂದಿಲ್ಲ. ಮಾರಿಬಿಡ್ರಿ" ಎನ್ನುತ್ತಿದ್ದ. ಹೊರಗೆ ಕಟ್ಟಿದ್ದ ಹೋರಿ ಏನೂ ತಿಳಿಯದೆ ಬಾಲ ಬೀಸುತ್ತ ನಿಂತಿರುತ್ತಿತ್ತು.

ಇದು ಸಾಲದೆಂಬಂತೆ ಒಮ್ಮೆ ಪಕ್ಕದ ಸಭಾಭವನದಲ್ಲಿ ಕುಟುಂಬ ಯೋಜನೆಯ ಶಿಬಿರ ನಡೆಯಿತು. ಜನಸಂಖ್ಯೆಯ ಅಧ್ಯಯನ ಮಾಡುವವರಂತೆ, ಊರೂರು ಸುತ್ತಿ ಯಾರಿಗೆ ಎಷ್ಟು ಮಕ್ಕಳು ಎಂದು ಕೇಳಿಕೊಂಡು ಬಂದವರು. "ಸಾಕು ಮಾಡ್ರಿ, ಇನ್ನ ಸಾಕು ಮಾಡ್ರಿ" ಎಂದು ಮೈಕಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನು ಬೇಡಿಕೊಳ್ಳುತ್ತಿದ್ದರು. ಗೋಡೆಯ ಈಚೆ ಕಸ್ತೂರಿ ನನ್ನ ಮೇಲೆ ಬಾಗಿದಳು. ಆಕೆಯ ಕಣ್ಣು ಎಷ್ಟು ತುಂಬಿಕೊಂಡಿತ್ತೆಂದರೆ ನನ್ನ ಮೇಲಿನ ಮಸೂರ ಒದ್ದೆಯಾಯಿತು.

ಆಕೆಗೆ ಮಕ್ಕಳಿರಲಿಲ್ಲ. ಮದುವೆಯಾಗಿ ವರ್ಷಗಳು ಕಳೆದಿದ್ದವು. ಮನೆಯಲ್ಲಿ ಚನವೀರನ ತಾಯಿ ಸಾತವ್ವ ಸೊಸೆಗೆ ಮಾಡಿಸದ ವ್ರತವಿಲ್ಲ, ತೋರಿಸದ ಡಾಕ್ಟರಿಲ್ಲ. ಕೊರತೆ ಸೊಸೆಯದೇ ಎಂಬುದು ಆ ಮನೆಯಲ್ಲಿ ಯಾವತ್ತೋ ತೀರ್ಮಾನವಾಗಿ ಹೋಗಿತ್ತು. ಕಸ್ತೂರಿ ಒಮ್ಮೆ ನನ್ನ ಮೇಜಿನ ಬಳಿಯೇ ಗಂಡನನ್ನು ಕೇಳಿದ್ದಳು: "ನೀವೂ ಒಮ್ಮೆ ತೋರಿಸ್ಕೋರಿ. ನಿಮ್ಮ ಕೆಲಸನ ಅದ ಅಲ್ಲೇನ್ರಿ?" ಅವನು ನಕ್ಕು, "ನನಗೇನಾಗೇದ? ಗಟ್ಟಿಮುಟ್ಟ ಇದ್ದೀನಿ" ಎಂದು ನನ್ನನ್ನು ಎತ್ತಿಕೊಂಡು ಹೊರಟುಹೋಗಿದ್ದ. ಗಟ್ಟಿಮುಟ್ಟಾದ ಹೋರಿಗಳು ಎಷ್ಟು ಮಾರಾಟವಾದವೆಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಜೋಳದ ಸುಗ್ಗಿ ಮುಗಿದ ಹೊತ್ತು. ಆಳುಗಳೆಲ್ಲ ಊಟಕ್ಕೆ ಹೋದಾಗ ಚನವೀರ ಬಾಗಿಲಿಗೆ ಚಿಲಕ ಹಾಕಿಕೊಂಡು ನನ್ನ ಕೆಳಗೆ ಒಂದು ಸ್ಲೈಡು ಇಟ್ಟ. ಕಣ್ಣಿಟ್ಟ. ಏನೂ ಅಲುಗಾಡಲಿಲ್ಲ. ಸ್ಲೈಡನ್ನು ಅತ್ತ ಸರಿಸಿದ, ಇತ್ತ ಸರಿಸಿದ, ಮಸೂರ ಬದಲಿಸಿದ, ಕನ್ನಡಿ ತಿರುಗಿಸಿದ. ಬಯಲೇ ಬಯಲು. ಯಾವ ಹೋರಿಯ ಮೇಲೂ ಅವನು ಇಷ್ಟು ಹೊತ್ತು ಕಣ್ಣಿಟ್ಟವನಲ್ಲ. ಆ ಕಣ್ಣು ರೆಪ್ಪೆ ಬಡಿಯುವುದನ್ನೇ ಮರೆತಿತ್ತು. ಕಡೆಗೆ ಸ್ಲೈಡನ್ನು ತೊಳೆದು, ಒರೆಸಿ, ಚಿಲಕ ತೆಗೆದ.

ಇನ್ನು ಹೇಳುತ್ತಾನೆ ಎಂದು ಕಾದೆ. ಈ ಮನುಷ್ಯನಿಗೆ ನೋಡಿದ್ದನ್ನು ಹೇಳುವುದೇ ಸಂಬಳದ ಕೆಲಸ. ಹೇಳಲಿಲ್ಲ. ಹೋಳಿ ಹುಣ್ಣಿಮೆ ಆದ ಮೇಲೆ ಕಸ್ತೂರಿಯ ಹೊಟ್ಟೆಗೆ ಆಪರೇಷನ್ ಮಾಡಿ ನೋಡುವುದೆಂದು ನಿಶ್ಚಯವಾಯಿತು. ಹೊರಡುವ ದಿನ ಆಕೆ ಪ್ರಯೋಗಾಲಯಕ್ಕೆ ಬಂದು ಕೆಲಸ ಒಪ್ಪಿಸುವಾಗ ಅವನೂ ಜೊತೆಗಿದ್ದ. "ಹೆದರಬ್ಯಾಡ, ನಾ ಇದ್ದೀನಿ" ಎಂದ. ಅವನ ಕಣ್ಣು ಆಗ ಹೇಗಿತ್ತೋ ನಾನು ಕಾಣೆ. ಆಕೆ ವಾಪಸು ಬಂದ ಮೇಲೆ ಬಹಳ ದಿನ ಬಗ್ಗಿ ನನ್ನನ್ನು ನೋಡಲಾಗುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಆಕೆಯಲ್ಲಿ ಏನೂ ದೋಷ ಸಿಗಲಿಲ್ಲವಂತೆ. ಸಿಗದ್ದಕ್ಕೇ ಸಾತವ್ವ ಸೊಲ್ಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಮಾಡಿಸೋಣ ಎಂದಳು. ಕಸ್ತೂರಿ ಅದಕ್ಕೂ ಹೂಂ ಅಂದಿದ್ದಳು. ಮಣ್ಣನ್ನು ಯಾರೂ ಹೀಗೆ ಅಗೆದದ್ದನ್ನು ನಾನು ಕಂಡಿರಲಿಲ್ಲ.

ಸೊಲ್ಲಾಪುರಕ್ಕೆ ಹೋಗುವ ಮೊದಲು ಮನೆಯಲ್ಲಿ ಚನವೀರನ ತಂಗಿಯ ಕುಬಸವಿತ್ತು. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರ. ಅದರ ಹಿಂದಿನ ದಿನ ಚನವೀರ ನನ್ನನ್ನು ಟವೆಲಿನಲ್ಲಿ ಸುತ್ತಿ ಸ್ಕೂಟರಿನ ಮೇಲೆ ಮನೆಗೆ ಒಯ್ದ. ಪಡಸಾಲೆಯ ಕಿಟಕಿಯಲ್ಲಿ ಕೂರಿಸಿ ತಾಯಿಯನ್ನು ಕರೆದ.

"ಅವ್ವಾ, ಬಾ ಇಲ್ಲಿ. ಇದರಾಗ ನೋಡು."

"ನನಗೇನ ತಿಳೀತದೋ ಇದು?"

"ತಿಳೀತದ. ನೋಡು."

ಸಾತವ್ವನ ಕಣ್ಣು, ಅಂಚಿನಲ್ಲಿ ಪೊರೆ ಬರತೊಡಗಿದ್ದ ಕಣ್ಣು, ನನ್ನ ಮೇಲೆ ಬಂತು. ಮೊದಲನೆಯದು ಕೇಂದ್ರದ ಒಳ್ಳೆಯ ಹೋರಿಯ ಸ್ಲೈಡು.

"ಅಯ್ಯ ಶಿವನ! ಏನೋ ಇದು, ಹುಳದಂಗ ಹರದಾಡ್ಲಿಕತ್ತಾವ!"

ಅವನು ಎರಡನೆಯ ಸ್ಲೈಡು ಇಟ್ಟ. ಸಾತವ್ವ ನೋಡಿದಳು. ದನ ಕಟ್ಟಿ ಬಾಳಿದ ಹೆಂಗಸು, ಬಿಡಿಸಿ ಹೇಳಬೇಕಾಗಲಿಲ್ಲ.

"ಇದರಾಗ ಏನೂ ಇಲ್ಲೋ. ಯಾವ ಹೋರೀದಿದು? ಮಾರಿಬಿಡ್ರಿ ಅದನ್ನ."

"ಹೋರೀದಲ್ಲವ್ವಾ. ನಂದು."

ರೊಟ್ಟಿ ಬಡಿಯುವ ಸದ್ದು ಅಡುಗೆಮನೆಯಲ್ಲಿ ನಿಂತಿತು. ಕಸ್ತೂರಿ ಕೇಳಿಸಿಕೊಂಡಿದ್ದಳು.

ಸಾತವ್ವ ನನ್ನಿಂದ ಸರಕ್ಕನೆ ಹಿಂದೆ ಸರಿದಳು. "ಈ ಯಂತ್ರ ಕೆಟ್ಟದ" ಅಂದಳು. "ಹಳೇದ ತಂದೀ ನೀ. ನನ್ನ ಮಗನ್ನ ನಾ ಹಾಲು ಬೆಣ್ಣಿ ಹಾಕಿ ಬೆಳಸೀನಿ. ಕೆಟ್ಟದ ಇದು, ಒಯ್ದ ಒಗದ ಬಾ."

ನಾನು ನಿಜಕ್ಕೂ ಗಾಬರಿಬಿದ್ದೆ. ಕೆಟ್ಟಿದ್ದೇನೆಯೇ? ಅರೆಗಳಿಗೆಯ ಹಿಂದೆ ಹೋರಿಯ ಹುಳಗಳನ್ನು ತೋರಿಸಿದವನು ನಾನೇ ಅಲ್ಲವೇ? ಮಣ್ಣಿನಲ್ಲಿ ಜೀವ ಕಾಣದಿದ್ದಾಗ, ಜೋಳ ಬರಡಾದಾಗ, ಹೋರಿ ಮಾರಾಟವಾದಾಗ ನಾನು ಸರಿಯಾಗಿಯೇ ಇದ್ದೆ. ಈ ಒಂದು ಹನಿಗೆ ಕೆಟ್ಟುಹೋದೆ! ಚನವೀರ ನನ್ನ ಮೇಲೆ ಟವೆಲು ಹೊದಿಸಿ ಹೊರಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಟವೆಲು ಮೆಲ್ಲಗೆ ಸರಿಯಿತು. ಸಾತವ್ವನ ಕಣ್ಣು. ಸೆರಗಿನಿಂದ ಮಸೂರ ಒರೆಸಿ ನೋಡಿದಳು. ಇನ್ನೊಮ್ಮೆ ಒರೆಸಿದಳು, ಇನ್ನೊಮ್ಮೆ ನೋಡಿದಳು. ಎರಡನೆಯ ಸ್ಲೈಡು ನನ್ನ ಕೆಳಗೇ ಇತ್ತು.

ಮರುದಿನ ಪಡಸಾಲೆ ತುಂಬ ಬಳೆಗಳ ಸದ್ದು. ಟವೆಲಿನ ಒಳಗಿಂದ ನನಗೆ ಮಾತು ಮಾತ್ರ ಕೇಳುತ್ತಿತ್ತು. ಕಸ್ತೂರಿ ಅಕ್ಕಿ ಕೊಬ್ಬರಿಯ ತಟ್ಟೆ ಹಿಡಿದು ಬಂದಿರಬೇಕು. ನೆಂಟರ ಪೈಕಿ ಯಾರೋ ಹಿರಿಯಳು, "ಆಕಿನ್ನ ಒಳಗ ಕಳಸು ಸಾತವ್ವಾ. ಬಸುರಿ ಹೆಂಗಸಿನ ಮುಂದ ಆಕಿ ಯಾಕ?" ಎಂದಳು. ನನಗೆ ಕೈಯಿದ್ದಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

"ಆಕಿ ಎಲ್ಲೂ ಹೋಗೂದಿಲ್ಲ" ಅಂದಳು ಸಾತವ್ವ. "ಆಕಿಯೊಳಗ ಏನೂ ಕೊರತಿಲ್ಲ. ಕೊರತಿ ನನ್ನ ಮಗಂದು. ನಾನ ಕಣ್ಣಾರೆ ನೋಡೀನಿ. ಕಸ್ತೂರಿ, ಮೊದಲ ನೀ ತುಂಬವಾ ಉಡಿ."

ಉಡಿಗೆ ಅಕ್ಕಿ ಸುರಿದ ಸದ್ದು ಕೇಳಿತು. ನಿನ್ನೆ ಕೆಟ್ಟುಹೋಗಿದ್ದ ನಾನು ಇವತ್ತು ಸಾಕ್ಷಿಯಾಗಿದ್ದೆ. ನನಗೆ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ. ಎಲ್ಲ ಬಗೆಹರಿಯಿತು ಅಂದುಕೊಂಡೆ.

ಬಗೆಹರಿದಿರಲಿಲ್ಲ. ಜನ ಕರಗಿದ ಮೇಲೆ ಕಸ್ತೂರಿ ಕಿಟಕಿಯ ಬಳಿ ಬಂದಳು. ಚನವೀರನೂ ಬಂದ.

"ಯಾವಾಗ ನೋಡಿದ್ರಿ ನೀವು?"

"ಕಸ್ತೂರಿ..."

"ನನ್ನ ಆಪರೇಷನ್ ಆದಮ್ಯಾಲೋ, ಮೊದಲೋ?"

"ಮೊದಲ."

ಆಕೆ ನನ್ನನ್ನು ಟವೆಲಿನ ಸಮೇತ ಎತ್ತಿ ಎದೆಗವಚಿಕೊಂಡು, ಬಿಸಿಲಿನಲ್ಲಿ ನಡೆದೇ ಪ್ರಯೋಗಾಲಯಕ್ಕೆ ಬಂದಳು. ಮೇಜಿನ ಮೇಲೆ ನನ್ನನ್ನು ಕೂರಿಸಿ, ನನ್ನ ಪಕ್ಕ ತಲೆಯಿಟ್ಟು ಬಹಳ ಹೊತ್ತು ಕೂತಳು. ಆಮೇಲೆ ಸೊಲ್ಲಾಪುರಕ್ಕೆ ಯಾರೂ ಹೋಗಲಿಲ್ಲ. ದನಗಳ ವಿಭಾಗಕ್ಕೆ ನನ್ನನ್ನು ಮತ್ತೆ ಯಾರೂ ಎರವಲು ಕೊಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಮಸೂರ ಮಸುಕಾಗಿದೆ, ತಿರುಪು ಸಡಿಲವಾಗಿದೆ. ಎರಡು ಕಣ್ಣಿಟ್ಟು ನೋಡುವ, ಒಳಗೇ ದೀಪ ಉರಿಯುವ ಹೊಸ ಸೂಕ್ಷ್ಮದರ್ಶಕಗಳು ಬಂದು, ನಾನು ಕಾರಿಡಾರಿನ ಗಾಜಿನ ಬೀರುವಿನಲ್ಲಿ ಕೂತಿದ್ದೇನೆ. ಕೆಲಸವಿಲ್ಲದವನಿಗೆ ಯೋಚನೆ ಜಾಸ್ತಿ. ಫಲ ಎಂದರೇನು, ಬರಡು ಎಂದರೇನು ಎಂದು ತಲೆ ಕೆಡಿಸಿಕೊಳ್ಳುತ್ತೇನೆ. ನಾನು ತೋರಿಸಿದ್ದು ಎಲ್ಲ ಕಡೆಯೂ ಒಂದೇ, ಜೀವ ಇದೆ ಅಥವಾ ಇಲ್ಲ. ಒಬ್ಬರು ಗೊಬ್ಬರ ಹಾಕಿದರು, ಒಬ್ಬರು ಪೇಡೆ ಹಂಚಿದರು, ಒಬ್ಬನು ಚಿಲಕ ಹಾಕಿಕೊಂಡ. ಯಾವುದಕ್ಕೆ ಯಾವುದು ಸರಿ ಎಂಬುದು ನನಗೆ ಕೊನೆಗೂ ಹೊಳೆಯಲಿಲ್ಲ.

ಆ ಗಂಡ ಹೆಂಡತಿ ಈಗಲೂ ಜೊತೆಗಿದ್ದಾರೆ. ಮಧ್ಯಾಹ್ನ ಅವನು ಡಬ್ಬಿಯ ಚೀಲ ಹಿಡಿದು ಬರುತ್ತಾನೆ, ಇಬ್ಬರೂ ಕಾರಿಡಾರಿನಲ್ಲಿ ಹಾದುಹೋಗುತ್ತಾರೆ. ಇಬ್ಬರ ಹೆಜ್ಜೆಯೂ ನಿಧಾನವಾಗಿದೆ. ಮೊನ್ನೆ ಅವನು ನನ್ನ ಬೀರುವಿನ ಮುಂದೆ ನಿಂತುಬಿಟ್ಟ.

"ಅವತ್ತ ನಾ ಹೇಳಬೇಕಿತ್ತು, ಕಸ್ತೂರಿ. ನೀ ಆಪರೇಷನ್ನಿಗೆ ಹೋಗೂಕಿಂತ ಮೊದಲ ಹೇಳಬೇಕಿತ್ತು."

ಇಷ್ಟು ವರ್ಷಕ್ಕೆ ಅವನ ಬಾಯಿಂದ ಆ ಮಾತು ಬಂದಿತ್ತು. ಆಕೆ "ಹೋಗ್ಲಿ ಬಿಡ್ರಿ" ಎನ್ನುತ್ತಾಳೆಂದು ನಾನು ಕಾದೆ. ಅವನೂ ಕಾದ.

"ಹೌದ್ರಿ" ಎಂದಳು ಕಸ್ತೂರಿ. "ಹೇಳಬೇಕಿತ್ತು."

ಆಮೇಲೆ ಅವನ ಕೈಯಿಂದ ಚೀಲ ತೆಗೆದುಕೊಂಡು, ಊಟ ಆರಿಹೋಗುತ್ತದೆಂದು ಮುಂದೆ ನಡೆದಳು.